ದೋಣಿ ಹುಡುಗನ ಸಿಟ್ಟು

ಫೆಬ್ರವರಿ 6

ಪ್ರೀತಿಯ ಗೋಂದು,

ಮದುವೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ. ದಿನ ಎಣಿಸುತ್ತಾಳೆಂದು ನಗಬೇಡ, ನಮ್ಮವರೂ ಎಣಿಸುತ್ತಾರೆ. ಬೆಳಿಗ್ಗೆ ಕನ್ನಡಕದ ಅಂಗಡಿಯ ಶಟರ್ ಎತ್ತುವ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತು "ಇಪ್ಪತ್ತಾರು" ಎಂದು ಕೂಗಿ ಹೋಗುತ್ತಾರೆ. ಎದುರಿನ ಹೊಲಿಗೆಯವನು ಅದು ಯಾವುದೋ ಫ್ರೇಮಿನ ನಂಬರು ಎಂದುಕೊಂಡಿದ್ದಾನಂತೆ.

ಅಂಗಡಿಯ ಮೇಲೆಯೇ ನಮ್ಮ ಮನೆ. ಎರಡು ಕೋಣೆ, ಒಂದು ಕಿಟಕಿ, ಮತ್ತು ನಾನು. ಕೆಳಗೆ ಇವರು ಜನರನ್ನು ಬೋರ್ಡಿನ ಮುಂದೆ ಕೂರಿಸಿ ಅಕ್ಷರ ಓದಿಸುವುದು ಅಡುಗೆಮನೆಯವರೆಗೂ ಕೇಳಿಸುತ್ತದೆ. ಕಾಣದಿದ್ದರೂ ಜನ ಊಹಿಸಿ ಓದುತ್ತಾರೆ ಕಣೇ. ಯಾಕೆ ಹಾಗೆ ಎಂದು ಕೇಳಿದೆ. "ಕಾಣಲ್ಲ ಅನ್ನೋಕೆ ಎಲ್ರಿಗೂ ನಾಚಿಕೆ. ಸುಳ್ಳು ಕನ್ನಡಕ ಹಾಕ್ಕೊಂಡು ತಲೆನೋವು ಅಂತ ಮತ್ತೆ ಇಲ್ಲಿಗೇ ಬರ್ತಾರೆ" ಎಂದರು. ನನಗೆ ಎಂಥ ಜಾಣ ಗಂಡ ಸಿಕ್ಕಿದ್ದಾರೆ ನೋಡು. ಅತ್ತೆಯವರೂ ನಮ್ಮೊಂದಿಗೇ ಇದ್ದಾರೆ. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು ಅವರಿಗೆ ಆಗಿಬರುವುದಿಲ್ಲ.

ಮದುವೆ ಹೇಗಾಯಿತೆಂದು ಕೇಳಿದ್ದೆಯಲ್ಲ. ನಾನು ಮೊದಲೇ ಹೇಳಿದ ಹಾಗೆ, ಪುಟ್ಟದು. ರಿಜಿಸ್ಟ್ರಾರ್ ಆಫೀಸು, ಹತ್ತು ಜನ, ಕಾಗದದ ಲೋಟದಲ್ಲಿ ಚಹಾ. ನಮ್ಮ ಕ್ಲಾಸಿನ ಒಂದು ನರಪಿಳ್ಳೆಯನ್ನೂ ಕರೆಯಲಿಲ್ಲ. ನೀನು ಹೊಲಿದು ಕಳಿಸಿದ ಹತ್ತು ಹಾಳೆಯ ಪುಟ್ಟ ಪುಸ್ತಕದಲ್ಲಿ ಹತ್ತೂ ಜನ ಒಂದೊಂದು ಹಾಳೆಗೆ ಸಹಿ ಹಾಕಿದರು. ಕೊನೆಯಲ್ಲಿ ನಿನ್ನ ನೀಲಿ ದಾರದ ಗಂಟು ನೋಡಿ ನನಗೆ ಅಳುವೇ ಬಂತು. ಶಾಲೆಯಲ್ಲಿ ನನ್ನ ನೋಟ್‌ಬುಕ್ಕುಗಳನ್ನೆಲ್ಲ ನೀನೇ ಹೊಲಿದುಕೊಡುತ್ತಿದ್ದೆ. ಪ್ರತಿಯೊಂದರ ಕೊನೆಯಲ್ಲೂ ಅದೇ ಗಂಟು.

ಈಗ ದೊಡ್ಡ ಸುದ್ದಿ. ಇವರ ಟ್ರಂಕಿನಲ್ಲಿ, ನಾವು ಶಾಲೆಯಲ್ಲಿ ಓದುತ್ತಿದ್ದ ದೋಣಿ ಹುಡುಗನ ಕತೆಯ ಆರೂ ಪುಸ್ತಕ ಸಿಕ್ಕಿವೆ. ತಿಂಡಿ ತಿನ್ನುತ್ತ ಇವರು ಓದುತ್ತಾರೆ, ನಾನು ಕೇಳುತ್ತೇನೆ. ನಾಲ್ಕನೆಯದಕ್ಕೆ ಬಂದಿದ್ದೇವೆ. ಅದೇ, ಹದಿನೈದು ವರ್ಷದ ಹುಡುಗ ಕಾಲು ಮುರಿದುಕೊಂಡು ದೂರದ ಆಸ್ಪತ್ರೆಯಲ್ಲಿ ಬಿದ್ದಿರುತ್ತಾನೆ. ಮೂವರೂ ಸೇರಿ ಎರಡು ವರ್ಷ ಕಟ್ಟಿದ ದೋಣಿಯನ್ನು ಗೆಳೆಯರಿಬ್ಬರು ಅವನಿಲ್ಲದೆ ನೀರಿಗಿಳಿಸಿ, ಊರಿಗೆಲ್ಲ ಊಟ ಹಾಕಿಸಿ, ಅವನಿಗೆ ಮಾತ್ರ "ಮರ ಇನ್ನೂ ಒಣಗಿಲ್ಲ" ಎಂದು ಕಾಗದ ಬರೆಯುತ್ತಾರೆ. ಆಮೇಲೆ ಗೆಳೆಯನ ಉಗುರಿನಲ್ಲಿ ದೋಣಿಯ ಹಸಿರು ಬಣ್ಣ ಕಂಡು ಅವನು ಎರಡು ಪುಟದುದ್ದ ಕಿರುಚಿ ಉಳಿಯನ್ನು ಹೊಳೆಗೆ ಎಸೆಯುತ್ತಾನಲ್ಲ. ನಮ್ಮವರು "ಎಸೆದದ್ದು ಕಮ್ಮಿಯೇ ಆಯ್ತು" ಅಂದರು. ನಾನು ಬಿಡುತ್ತೇನೆಯೇ? ಒಂಬತ್ತನೇ ಕ್ಲಾಸಿನ ಚರ್ಚಾಸ್ಪರ್ಧೆಯಲ್ಲಿ ಅವನ ಸಿಟ್ಟು ತಪ್ಪೆಂದು ವಾದಿಸಿ ಕಪ್ ಗೆದ್ದವಳು. ಅವನಿಗೆ ನೋವಾಗದಿರಲೆಂದೇ ಅವರು ಮುಚ್ಚಿಟ್ಟರು. ಪ್ರೀತಿಯೇ ಅದು. ನೀನಿನ್ನೂ ಅವನ ಸಿಟ್ಟು ಸರಿ ಎನ್ನುವ ಹಳೆಯ ಪಕ್ಷದಲ್ಲೇ ಇದ್ದೀಯಾ? ಬೇಗ ಬರೆ.

ನಿನ್ನ
ಚಿನಕುರುಳಿ

&nbsp;

ಫೆಬ್ರವರಿ 19

ಚಿನಕುರುಳಿ,

ಕಾಗದ ಬಂತು. ಫೋನಿನಲ್ಲಾದರೆ ನೀನೊಬ್ಬಳೇ ಮಾತಾಡುತ್ತೀ. ಕಾಗದದಲ್ಲಿ ನನಗೂ ಸರದಿ ಬರುತ್ತದೆ. ಅದಕ್ಕೇ ನನಗೆ ಇದು ಇಷ್ಟ.

ನಾನು ಅದೇ ಪಕ್ಷ. ಅವತ್ತು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ.

ಇಲ್ಲಿ ಬೈಂಡಿಂಗ್ ಶಾಪಿನಲ್ಲಿ ಕೆಲಸ ಬಹಳ. ಅಪ್ಪ ಕೂರುತ್ತಿದ್ದ ಕಿಟಕಿ ಪಕ್ಕದ ಮಣೆಯನ್ನು ಯಜಮಾನರು ನನಗೇ ಕೊಟ್ಟಿದ್ದಾರೆ. ಕೈಹೊಲಿಗೆ ಮಾಡುವವರು ಸುತ್ತಮುತ್ತ ಯಾರೂ ಉಳಿದಿಲ್ಲವಾದ್ದರಿಂದ ದೂರದೂರದ ಸ್ಟುಡಿಯೋಗಳು ಇಲ್ಲಿಗೆ ಕಳಿಸುತ್ತವೆ. ಹೋದ ವಾರ ಒಂದು ಮದುವೆ ಆಲ್ಬಮ್ ಬಂತು. ಕಪ್ಪು ದಪ್ಪ ಹಾಳೆ ಮೂವತ್ತು, ನಡುನಡುವೆ ಬೆಣ್ಣೆಕಾಗದ. ದೊಡ್ಡ ಕಲ್ಯಾಣಮಂಟಪ, ನಾನೂರು ಜನವಾದರೂ ಇದ್ದಾರೆ. ಮದುಮಗಳು ಚೆನ್ನಾಗಿದ್ದಾಳೆ. ಎಡಗಿವಿಯ ಓಲೆ ಮಾತ್ರ ಹಿಂದುಮುಂದಾಗಿದೆ, ಎಲ್ಲ ಫೋಟೋದಲ್ಲೂ. ಯಾರೂ ಹೇಳಿದಂತಿಲ್ಲ.

ನಿನ್ನ ಮದುವೆಯ ಫೋಟೋ ಇದ್ದರೆ ಒಂದು ಕಳಿಸು.

ಗೋಂದು

&nbsp;

ಫೆಬ್ರವರಿ 27

ಗೋಂದು ಮಹಾರಾಣಿಗೆ,

ಪಾಪ ಆ ಮದುಮಗಳು. ನಾನೂರು ಜನ ಬಂದು ಊಟ ಮಾಡಿ ಹೋದರು, ಓಲೆ ಸರಿಮಾಡಲು ಒಬ್ಬ ಗೆಳತಿ ಇರಲಿಲ್ಲವೇ? ಓದಿ ಹೇಳಿದಾಗ ಇವರು ನನ್ನ ಮುಖವನ್ನೇ ನೋಡಿ "ನಿನ್ನ ಓಲೆಯೂ ಯಾವಾಗ್ಲೂ ತಿರುಗಿರುತ್ತೆ" ಅಂದರು. ಮದುವೆಯಾಗಿ ನಲವತ್ತೇಳು ದಿನಕ್ಕೇ ಟೀಕೆ ಶುರು.

ಫೋಟೋ ಏನೂ ಇಲ್ಲ ಕಣೇ. ಹತ್ತು ಜನದ ಮದುವೆಗೆ ಯಾವ ಫೋಟೋಗ್ರಾಫರ್? ಇವರ ತಮ್ಮ ಮೊಬೈಲಿನಲ್ಲಿ ಎರಡು ತೆಗೆದಿದ್ದ, ಎರಡರಲ್ಲೂ ಅವನ ಹೆಬ್ಬೆರಳೇ ಬಂದಿದೆ.

ಪುಸ್ತಕದ ವಿಷಯ. ನಿನ್ನ ಹಟ ನನಗೆ ಗೊತ್ತಿತ್ತು. ಆದರೆ ಯೋಚನೆ ಮಾಡು. ಕಾಲು ಮುರಿದವನಿಗೆ "ದೋಣಿ ಇಳಿಸುತ್ತಿದ್ದೇವೆ" ಎಂದು ಬರೆದರೆ ಅವನು ಹಾಸಿಗೆಯಲ್ಲಿ ಒದ್ದಾಡಬೇಕು. ಬಂದರೂ ದಡದಲ್ಲಿ ಊರುಗೋಲು ಹಿಡಿದು ನಿಲ್ಲಬೇಕು, ಎಲ್ಲರೂ ಅಯ್ಯೋ ಪಾಪ ಅನ್ನಬೇಕು. ಆ ಮುಜುಗರ ತಪ್ಪಿಸಿದ್ದಕ್ಕೆ ಬೈಗುಳವೇ? ಇವರಿಗೆ ಇಷ್ಟನ್ನು ಮೊನ್ನೆ ಭಾಷಣದಂತೆ ಹೇಳಿದೆ. ಅತ್ತೆಯವರು ಒಳಗಿನಿಂದ, "ಅವನಿಗೆ ಮುಜುಗರ ಆಗುತ್ತೆ ಅಂತ ಅವನನ್ನ ಕೇಳಿದ್ರಾ?" ಅಂದರು. ಎಲ್ಲರೂ ನಿನ್ನ ಕಡೆಯವರೇ. ನಾನೊಬ್ಬಳೇ ಸೈನ್ಯ.

ನಿನ್ನ ಚಿ.

&nbsp;

ಮಾರ್ಚ್ 8

ಚಿನಕುರುಳಿ,

ನಿನ್ನ ಮದುವೆಯ ದಿನದ್ದು ಇನ್ನೊಂದು ಸಲ ಬರೆ. ಆಫೀಸು ಹೇಗಿತ್ತು, ಯಾರು ಯಾರು ಬಂದಿದ್ದರು. ನಿಧಾನವಾಗಿ, ನಿಜವಾಗಿ ಬರೆ. ನಾನು ಕಾಯುತ್ತೇನೆ.

ಗೋಂದು

&nbsp;

ಮಾರ್ಚ್ 14

ನನ್ನ ಗೋಂದು,

ನಿನಗೆ ಇಷ್ಟು ಆಸೆಯೇ? ಹೇಳುತ್ತೇನೆ ಕೇಳು. ಹಸಿರು ಗೋಡೆಯ ಆಫೀಸು. ಬೆಂಚಿನ ಒಂದು ಕಾಲು ಗಿಡ್ಡ, ಇವರ ದೊಡ್ಡಪ್ಪ ಕೂತಾಗಲೆಲ್ಲ ಆ ತುದಿಯಲ್ಲಿದ್ದ ನಮ್ಮಮ್ಮ ಮೇಲೇಳುತ್ತಿದ್ದಳು. ಗುಮಾಸ್ತನ ಪೆನ್ನು ಬರೆಯಲಿಲ್ಲ. ಅವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬಾಯಲ್ಲಿ ಊದಿ, ಕೊನೆಗೆ ನನ್ನ ಪೆನ್ನನ್ನೇ ಇಸಿದುಕೊಂಡು ವಾಪಸು ಕೊಡಲೇ ಇಲ್ಲ. ನನ್ನ ಕಡೆ ಐದು ಜನ, ಅವರ ಕಡೆ ಐದು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಜೊತೆಗೆ ಯಾರೂ ತಟ್ಟದೆ ಅವರೇ ನಿಲ್ಲಿಸಿದರು. ಆಗ ನೀನು ಇದ್ದಿದ್ದರೆ ತಟ್ಟುತ್ತಿದ್ದೆ ಅನ್ನಿಸಿತು. ಪ್ರತಿ ಕ್ಷಣವೂ ನಿನ್ನ ನೆನಪೇ.

ಇವತ್ತಿಗೆ ಅರವತ್ತೆರಡು ದಿನ. ನಾಲ್ಕನೆಯ ಪುಸ್ತಕ ಮುಗಿಯಿತು. ಆ ಹುಡುಗ ಕೊನೆಯವರೆಗೂ ಗೆಳೆಯರನ್ನು ಸರಿಯಾಗಿ ಮಾತಾಡಿಸುವುದೇ ಇಲ್ಲ. ಎಂಥ ಸಿಡುಕುಮೂತಿ.

ನಿನ್ನ, ನಿನ್ನದೇ,
ಚಿ.

&nbsp;

ಏಪ್ರಿಲ್ 12

ಗೋಂದು,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಎರಡು ಕಾರ್ಡು ಹಾಕಿದೆ, ತಲುಪಿದವೋ ಇಲ್ಲವೋ. ಹುಷಾರಾಗಿದ್ದೀಯಾ?

ನೀನು ಆ ಕಸುಬಿನವಳಾದ್ದರಿಂದ ನಿನ್ನನ್ನೇ ಒಂದು ಮಾತು ಕೇಳಬೇಕು. ಈ ಮನೆಯವರದೊಂದು ಹಳೆಯ ಆಲ್ಬಮ್ಮನ್ನು ಹೊಸದಾಗಿ ಕಟ್ಟಿಸಲು ಸ್ಟುಡಿಯೋಗೆ ಕೊಟ್ಟಿದ್ದರು. ಅವನು ಎಲ್ಲಿಗೋ ಹೊರಗೆ ಕಳಿಸಿದ್ದನಂತೆ. ಮೊನ್ನೆ ಬಂತು. ಕಟ್ಟಿದ್ದು ಬಹಳ ಅಂದವಾಗಿದೆ, ಆದರೆ ಸ್ಟುಡಿಯೋದವನ ಪಟ್ಟಿಯಲ್ಲಿ ಮೂವತ್ತು ಹಾಳೆ, ಕೈಗೆ ಬಂದದ್ದು ಇಪ್ಪತ್ತೊಂಬತ್ತು. ಇಪ್ಪತ್ತಮೂರನೆಯದು ಇಲ್ಲ. ಅತ್ತೆಯವರು ಫೋನಿನಲ್ಲಿ ಅವನ ಬೆವರಿಳಿಸಿದರು. ನಾನೂ ಸುಮ್ಮನಿರಲಿಲ್ಲ, ಫೋನ್ ಇಸಿದುಕೊಂಡು "ಅದನ್ನ ಕಟ್ಟಿದ್ದು ಯಾರೋ, ಅವರನ್ನ ಮೊದಲು ಕೆಲಸದಿಂದ ತೆಗೀರಿ" ಅಂದುಬಿಟ್ಟೆ. ಒಂದು ಹಾಳೆ ತಾನಾಗಿ ಕಳೆದುಹೋಗುತ್ತದೆಯೇ? ನೀವೆಲ್ಲ ಎಣಿಸುವುದಿಲ್ಲವೇ?

ಬೇಗ ಬರೆ. ನೀನಿಲ್ಲದೆ ನನ್ನ ಮಾತೆಲ್ಲ ಗೋಡೆಗೆ.

ಚಿ.

&nbsp;

ಏಪ್ರಿಲ್ 20

ಚಿನಕುರುಳಿ,

ಹುಷಾರಾಗಿದ್ದೇನೆ. ಕಾರ್ಡು ಎರಡೂ ತಲುಪಿದವು.

ನೀನು ಕೇಳಿದ್ದಕ್ಕೆ ಉತ್ತರ. ಹಾಳೆ ತಾನಾಗಿ ಕಳೆಯುವುದಿಲ್ಲ. ಬಂದಾಗ ಒಮ್ಮೆ, ಜೋಡಿಸುವಾಗ ಒಮ್ಮೆ, ಹೊಲಿಯುವ ಮುಂಚೆ ಒಮ್ಮೆ ಎಣಿಸುತ್ತೇವೆ. ಮೂರು ಸಲ ಎಣಿಸಿದ ಮೇಲೂ ಒಂದು ಕಡಿಮೆಯಾದರೆ ಯಾರೋ ತೆಗೆದಿದ್ದಾರೆ ಎಂದೇ ಅರ್ಥ.

ಯಾರು ಕಟ್ಟಿದ್ದೆಂದು ತಿಳಿಯಬೇಕಾದರೆ ಸ್ಟುಡಿಯೋದವನನ್ನು ಕೇಳಬೇಕಾಗಿಲ್ಲ. ಆಲ್ಬಮ್ಮಿನ ಕೊನೆಯಲ್ಲಿ ಒಟ್ಟಿಗೆ ಹೊಲಿದ ನಾಲ್ಕು ಹಾಳೆಗಳ ಕಟ್ಟನ್ನು ಸರಿಯಾಗಿ ನಡುವೆ ಬಿಡಿಸಿ ಹಿಡಿ. ಬೆಣ್ಣೆಕಾಗದ ಎತ್ತಿ, ಕೆಳಗಿನ ತುದಿಯಲ್ಲಿ ದಾರ ನೋಡು.

ಗೋಂದು

&nbsp;

ಏಪ್ರಿಲ್ 25

ಗೋಂದು,

ನೋಡಿದೆ.

ಅಡುಗೆಮನೆಯ ನೆಲದ ಮೇಲೆ ಕೂತು ಬಿಡಿಸಿದೆ. ಎಲ್ಲ ಬಿಳಿ ದಾರ, ಕೊನೆಗೊಂದು ನೀಲಿ ಗಂಟು. ಆಮೇಲೆ ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ನಾನೂರು ಜನ. ತಿರುಗಿದ ಓಲೆ. ನಿಧಾನವಾಗಿ, ನಿಜವಾಗಿ ಬರೆ. ಅದಕ್ಕೆ ನಾನು ಗುಮಾಸ್ತನ ಪೆನ್ನು ಹುಟ್ಟಿಸಿದೆ, ಬೆಂಚಿನ ಕಾಲು ಹುಟ್ಟಿಸಿದೆ. ಇಂಥ ಪುಕ್ಕಟೆ ಕಲ್ಪನೆ ನನಗೆ ಎಲ್ಲಿಂದ ಬರುತ್ತದೋ. ನೀನು ಆ ಕಾಗದ ಓದುವಾಗ ನಿನ್ನ ಮಣೆಯ ಮುಂದೆ ನನ್ನ ಮುಖವೇ ಇತ್ತಲ್ಲ, ಮೂವತ್ತು ಹಾಳೆ ತುಂಬ ನಗುತ್ತ.

ಇಪ್ಪತ್ತಮೂರನೆಯದು ನಮ್ಮ ಕ್ಲಾಸಿನವರ ಫೋಟೋ. ಹದಿನೇಳು ಜನ ಬಂದಿದ್ದರು.

ಹೇಗೆ ಹೇಳಲಿ. ನಿನಗೆ ಮುಜುಗರ ಆಗದಿರಲಿ ಎಂದುಕೊಂಡೆ. ಅವರೆಲ್ಲ ಡಾಕ್ಟರು, ವಕೀಲರು, ತಮ್ಮತಮ್ಮ ಆಫೀಸು, ಕಾರಿನ ಮಾತು. ನೀನು ಹತ್ತನೇ ಕ್ಲಾಸು ಎರಡು ಸಲ ಕೂತು ಬಿಟ್ಟವಳು, ಒಂದು ಮೂಲೆಯಲ್ಲಿ ಒಬ್ಬಳೇ ಆಗುತ್ತೀಯೆಂದು ನನಗೆ ಸಂಕಟವಾಯಿತು. ಜೊತೆಗೆ ಅತ್ತೆಯವರ ಕಡೆಯವರು ದೊಡ್ಡ ಜನ, ಎಲ್ಲರನ್ನೂ ಕರೆಯಬೇಡಿ ಅಂದಿದ್ದರು, ಕರೆಯೋಲೆಗೂ ಲೆಕ್ಕವಿತ್ತು. ನಿನಗೆ ನೋವಾಗಬಾರದೆಂದೇ ಮುಚ್ಚಿಟ್ಟೆ, ನಂಬು.

ಸ್ಟುಡಿಯೋಗೆ ಫೋನ್ ಮಾಡಿ ಹಾಳೆಯ ವಿಷಯ ಬಿಟ್ಟುಬಿಡಿ, ಯಾರನ್ನೂ ತೆಗೆಯಬೇಡಿ ಎಂದಿದ್ದೇನೆ. ನಿನ್ನ ಕೆಲಸಕ್ಕೇನೂ ಆಗಿಲ್ಲ ತಾನೇ? ಬೈದಾದರೂ ಒಂದು ಕಾಗದ ಹಾಕು.

ಚಿ.

&nbsp;

ಮೇ 9

ಚಿನಕುರುಳಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ನನ್ನ ಮುಜುಗರ ಇದೆ, ನನ್ನ ಸಂಕಟ ಇದೆ, ನಿನ್ನ ಅತ್ತೆಯವರ ಕಡೆಯವರು ಇದ್ದಾರೆ. ನೀನು ಎಲ್ಲೂ ಇಲ್ಲ.

ನಾನು ಮಾಡಿದ್ದನ್ನೂ ಹೇಳಬೇಕು. ಆಲ್ಬಮ್ ಬಂದ ದಿನ ಬೇರೆ ಯಾರೋ ನಿನ್ನ ಹಾಗೇ ಇದ್ದಾಳೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಓಲೆ ನೋಡಿದ ಮೇಲೆ ಗೊತ್ತಾಯಿತು. ಆದರೂ ಒಂದೇ ಒಂದು ಸಲ ನೀನಾಗಿ ಹೇಳಿದರೆ ಸಾಕು, ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅದಕ್ಕೇ ಇನ್ನೊಂದು ಸಲ ಬರೆ ಎಂದದ್ದು. ಪೆನ್ನಿನ ಕತೆ ಬಂದ ದಿನ ಇಪ್ಪತ್ತಮೂರನೆಯ ಹಾಳೆಯನ್ನು ತೆಗೆದು ಅಪ್ಪನ ಸೂಜಿಯ ಡಬ್ಬದ ಕೆಳಗಿಟ್ಟೆ. ಅಪ್ಪ ಮೂವತ್ತೆಂಟು ವರ್ಷ ಆ ಮಣೆಯಲ್ಲಿ ಕೂತಿದ್ದರು. ನಮ್ಮ ಶಾಲೆಯ ಲೈಬ್ರರಿಯ ಪುಸ್ತಕಗಳನ್ನೆಲ್ಲ ಅವರೇ ಕಟ್ಟಿದ್ದು, ಆ ಕಟ್ಟಿದ ಋಣಕ್ಕೇ ಶಾಲೆಯವರು ನನಗೆ ಸೀಟು ಕೊಟ್ಟದ್ದು. ಯಾರ ಪುಸ್ತಕದಿಂದಲೂ ಒಂದು ಚೂರು ಅವರು ತೆಗೆದವರಲ್ಲ. ನನಗೆ ಅದರ ನಾಚಿಕೆ ನಿನ್ನ ಮೇಲಿನ ಸಿಟ್ಟಿಗಿಂತ ದೊಡ್ಡದಾಗಿದೆ.

ಸ್ಟುಡಿಯೋದವನು ದೂರಿದಾಗ ಯಜಮಾನರು ಕಾಗದ ಕತ್ತರಿಸುವ ಯಂತ್ರ ನಡೆಸುವ ತಾತನನ್ನು ಬೈಯತೊಡಗಿದರು. ನಾನೇ ತೆಗೆದದ್ದು ಎಂದೆ. "ಯಾಕಮ್ಮಾ?" ಅಂದರು. ಗೊತ್ತಿದ್ದವರ ಮದುವೆ ಎಂದೆ. "ಇನ್ನು ಆರು ತಿಂಗಳು ಹೊಲಿಗೆ ಬೇಡ, ಹಾಳೆ ಮಡಿಸೋ ಮೇಜಿಗೆ ಹೋಗು" ಅಂದರು. ಕಿಟಕಿಯ ಪಕ್ಕದ ಮಣೆ ಈಗ ಖಾಲಿ. ಇದು ನಿನ್ನ ಫೋನಿನಿಂದಲ್ಲ, ನನ್ನ ಕೈಯಿಂದಾದದ್ದು.

ಅವತ್ತು ಚರ್ಚೆಯಲ್ಲಿ ನನಗೆ ಇಂಗ್ಲಿಷ್ ಬರದೆ ಕನ್ನಡದಲ್ಲೇ ಹೇಳಿದ್ದೆ. "ಬರೋದು ಬಿಡೋದು ಅವನ ಲೆಕ್ಕ. ಕರೆಯೋದು ಅವರ ಲೆಕ್ಕ." ಇಡೀ ಕ್ಲಾಸು ನಕ್ಕಿತ್ತು, ಕಪ್ ನಿನಗೆ ಬಂತು. ಹುಡುಗನ ಸಿಟ್ಟು ಸರಿ ಎಂದೇ ಈಗಲೂ ಹೇಳುತ್ತೇನೆ. ಉಳಿಯನ್ನು ಹೊಳೆಗೆ ಎಸೆದದ್ದು ತಪ್ಪು. ಅದು ಗೆಳೆಯರ ಉಳಿಯಲ್ಲ, ಅವನ ಅಪ್ಪನದು. ಆಗ ಇದು ನನಗೆ ಹೊಳೆದಿರಲಿಲ್ಲ.

ಹಾಳೆ ಈ ಲಕೋಟೆಯಲ್ಲಿದೆ. ಅಂಚಿಗೆ ಬಟ್ಟೆಯ ಪಟ್ಟಿ ಹಾಕಿದ್ದೇನೆ, ತೆಳ್ಳಗೆ ಅಂಟು ಹಚ್ಚಿ ಇಪ್ಪತ್ತೆರಡರ ಪಕ್ಕಕ್ಕೆ ಒತ್ತಿದರೆ ಕೂರುತ್ತದೆ.

ಗೋಂದು

&nbsp;

ಜೂನ್ 2

ಗೋಂದು,

ಎಷ್ಟನೆಯ ದಿನವೆಂದು ಇವರು ಈಗ ಕೂಗುವುದಿಲ್ಲ. ನಾನೇ ಬೇಡವೆಂದೆ.

ನನ್ನ ಹೋದ ಕಾಗದದಲ್ಲಿ ಇನ್ನೂ ಒಂದು ಸುಳ್ಳಿತ್ತು. ಅತ್ತೆಯವರ ಕಡೆಯವರು ಯಾರನ್ನೂ ಬೇಡವೆಂದಿರಲಿಲ್ಲ, ಕರೆಯೋಲೆಗೆ ಲೆಕ್ಕವೂ ಇರಲಿಲ್ಲ. ಹೆಸರುಗಳ ಪಟ್ಟಿಯಲ್ಲಿ ನಿನ್ನದೇ ಮೊದಲನೆಯದು. ಡಿಸೆಂಬರಿನಲ್ಲಿ ನಮ್ಮ ಕ್ಲಾಸಿನ ಡಾಕ್ಟರಮ್ಮ ಫೋನ್ ಮಾಡಿದ್ದಳು. "ಗೋಂದೂ ಬರ್ತಾಳಾ? ಕೈಯಲ್ಲಿ ಇನ್ನೂ ಆ ಅಂಟಿನ ವಾಸನೆ ಇದೆಯಾ?" ಎಂದು ಕೇಳಿದಳು. ನಾನು ನಕ್ಕೆ. ಅವಳಿಗಿಂತ ಜೋರಾಗಿ ನಕ್ಕೆ. ಫೋನ್ ಇಟ್ಟು ಪಟ್ಟಿ ತೆಗೆದು ನಿನ್ನ ಹೆಸರಿನ ಮೇಲೆ ಗೆರೆ ಎಳೆದೆ. ಮುಜುಗರ ನಿನಗಾಗುತ್ತಿತ್ತೋ ಇಲ್ಲವೋ, ನನಗಾಗಿತ್ತು. ನಾನು ಮುಚ್ಚಿಟ್ಟದ್ದು ನಿನ್ನಿಂದಲ್ಲ. ನಿನ್ನನ್ನೇ ಮುಚ್ಚಿಟ್ಟೆ.

ಹತ್ತು ಹಾಳೆಯ ಪುಟ್ಟ ಪುಸ್ತಕದಲ್ಲೂ ಯಾರೂ ಸಹಿ ಹಾಕಿಲ್ಲ. ಬಟ್ಟೆಯ ಪೆಟ್ಟಿಗೆಯ ತಳದಲ್ಲಿತ್ತು. ಇದರೊಂದಿಗೆ ಕಳಿಸಿದ್ದೇನೆ. ಮೊದಲನೆಯ ಹಾಳೆಯಲ್ಲಿ ಡಿಸೆಂಬರಿನಲ್ಲಿ ಬರೆಯಬೇಕಿದ್ದದ್ದನ್ನು ಬರೆದಿದ್ದೇನೆ. ಜನವರಿ ಹನ್ನೊಂದಕ್ಕೆ ನನ್ನ ಮದುವೆ, ನೀನು ಬರಬೇಕು ಎಂದು. ತಾರೀಕು ಕಳೆದುಹೋಗಿದೆಯೆಂದು ನನಗೆ ಗೊತ್ತು. ಉಳಿದ ಒಂಬತ್ತು ಖಾಲಿ ಇವೆ. ನಿನಗೆ ಬೇಕಾದ್ದಕ್ಕೆ ಬಳಸು, ಬೇಡವಾದರೆ ಹರಿ.

ಲಕೋಟೆ ಬಂದ ದಿನ ಅತ್ತೆಯವರಿಗೂ ಇವರಿಗೂ ಎಲ್ಲ ಹೇಳಿದೆ. ಇವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಅತ್ತೆಯವರು, "ಬೇಡ ಅಂತ ನಾನಂದಿದ್ನಾ?" ಅಂದರು. ಇಲ್ಲ ಅಂದೆ. "ನನ್ನ ತಲೆಗೆ ಕಟ್ಟಿದ್ಯಾ?" ಅಂದರು. ಹೂಂ ಅಂದೆ. ನಾನು ಅಂಟಿನ ಬಟ್ಟಲು ತಂದಾಗ ಅದನ್ನು ಕೈಯಿಂದ ಕಿತ್ತುಕೊಂಡು, "ನೀನು ಮುಟ್ಟಬೇಡ. ಕಟ್ಟಿದವಳು ಯಾವತ್ತಾದ್ರೂ ಬಂದು ಅಂಟಿಸ್ತಾಳೆ. ಅಲ್ಲೀವರ್ಗೂ ಹೀಗೇ ಇರ್ಲಿ" ಅಂದರು.

ಹಾಗಾಗಿ ಆಲ್ಬಮ್ ಮುಂದಿನ ಕೋಣೆಯ ಮೇಜಿನ ಮೇಲಿದೆ, ಆ ಹಾಳೆ ಬಿಡಿಯಾಗಿ ಮೇಲಿದೆ. ಕನ್ನಡಕಕ್ಕೆ ಬಂದವರು ಕಾಯುವಾಗ ಮೇಲೆ ಬಂದು ಕೂರುತ್ತಾರೆ, ಪುಟ ತಿರುವುತ್ತಾರೆ, ಇದೊಂದು ಯಾಕೆ ಬಿಡಿಯಾಗಿದೆ ಎಂದು ಕೇಳುತ್ತಾರೆ. ಅತ್ತೆಯವರು ನನ್ನ ಕಡೆ ನೋಡುತ್ತಾರೆ. ನಾನು ಹೇಳಬೇಕು.

ಇದುವರೆಗೆ ಏಳು ಜನ ಕೇಳಿದ್ದಾರೆ. ಮೊದಲನೆಯವರಿಗೆ ಅಂಟು ಬಿಟ್ಟಿದೆ ಎಂದೆ. ಉಳಿದ ಆರು ಜನರಿಗೆ ನಿಜ ಹೇಳಿದ್ದೇನೆ.

ಚಿ.